ಮಕ್ಕಳ ಸರದಿ: ಸೋರಿಯಾಸಿಸ್ ಔಷಧಿಗಳ ಒಂದು ಚರಿತ್ರೆ



ಈ ಪುಟಗಳಲ್ಲಿ ನಾನು ಇದುವರೆಗೆ ಹರಿಹರೇಶ್ವರ ದೇವಾಲಯದ ಕುರಿತು, ದಾವಣಗೆರೆಯ ಹತ್ತಿ ಗಿರಣಿಗಳ ಕುರಿತು, ನಮ್ಮ ಸೀಮೆಯ ಹಳೆಯ ಸಂತೆಗಳ ಕುರಿತು ಬರೆಯುತ್ತ ಬಂದಿದ್ದೇನೆ. ಈ ಸಲದ ವಿಷಯವನ್ನು ಕಂಡು ‘ಮೇಷ್ಟ್ರು ಯಾವಾಗ ಡಾಕ್ಟರಾದರು?’ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಾನು ವೈದ್ಯನಲ್ಲ, ಚರಿತ್ರೆಯ ಮೇಷ್ಟ್ರು. ಆದರೆ ರಾಜಮನೆತನಗಳಿಗಿರುವಂತೆ ಔಷಧಿಗಳಿಗೂ ಏಳುಬೀಳಿನ ಚರಿತ್ರೆಯುಂಟು. ಅದು ತಿಳಿಯದಿದ್ದರೆ ಕೆಲವು ಮನೆಗಳಲ್ಲಿ ವೃಥಾ ದುಃಖ ಉಂಟಾಗುತ್ತದೆ. ಆ ಕಾರಣಕ್ಕಾಗಿಯೇ ಈ ಬರಹ.

ಕಳೆದ ಕೆಲವು ವರ್ಷಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂರ್ನಾಲ್ಕು ಮಂದಿ ಹೆಚ್ಚುಕಡಿಮೆ ಒಂದೇ ಸಂಗತಿಯನ್ನು ನನ್ನೊಡನೆ ಹೇಳಿಕೊಂಡಿದ್ದಾರೆ. ಮನೆಯ ಮಗುವಿಗೆ ಸೋರಿಯಾಸಿಸ್. ಮುಲಾಮು, ಮಾತ್ರೆಗಳಿಂದ ಹತೋಟಿಗೆ ಬಾರದೆ ವೈದ್ಯರು ‘ಬಯಾಲಾಜಿಕ್’ ಎಂಬ ಜೈವಿಕ ಔಷಧಿಯ ಚುಚ್ಚುಮದ್ದನ್ನು ಆರಂಭಿಸಿದರು. ಮೈ ತಿಳಿಯಾಯಿತು. ವರ್ಷವೊಂದು ಕಳೆದ ಮೇಲೆ ಚಕ್ಕೆಗಳು ಮರಳಿ ಕಾಣಿಸಿಕೊಂಡವು. ಈಗ ವೈದ್ಯರು ‘ಈ ಚುಚ್ಚುಮದ್ದನ್ನು ಬಿಟ್ಟು ಬೇರೊಂದಕ್ಕೆ ಹೋಗೋಣ’ ಎನ್ನುತ್ತಿದ್ದಾರೆ. ಆಗ ತಂದೆತಾಯಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಮೂರು: ಇಷ್ಟು ದುಡ್ಡಿನ ಔಷಧಿ ಸೋತಿತೇ? ಪಥ್ಯದಲ್ಲಿ ನಾವೇನಾದರೂ ತಪ್ಪಿದೆವೇ? ನಮ್ಮ ಮಗುವಿನ ಮೇಲೆ ಪ್ರಯೋಗ ನಡೆಯುತ್ತಿದೆಯೇ? ಯಾವ ಮಗುವಿಗೆ ಯಾವ ಔಷಧಿ ಎಂಬುದನ್ನು ವೈದ್ಯರೇ ಹೇಳಬೇಕು. ಆದರೆ ಔಷಧಿಗಳು ಏಕೆ ಬದಲಾಗುತ್ತವೆ, ಮಕ್ಕಳ ಪಾಲಿಗೆ ಅವು ಹೇಗೆ ಬಂದವು ಎಂಬುದು ಚರಿತ್ರೆಯ ಪ್ರಶ್ನೆ. ಅದಕ್ಕೆ ಉತ್ತರಿಸಲು ನಾನು ಯತ್ನಿಸಬಹುದು.

ಮೊದಲು ಈ ಕಾಯಿಲೆಯ ಸ್ವರೂಪವನ್ನು ನೋಡೋಣ. ನಮ್ಮ ಚರ್ಮದ ಮೇಲ್ಪದರ ಸಾಮಾನ್ಯವಾಗಿ ಸುಮಾರು ಒಂದು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಸೋರಿಯಾಸಿಸ್ ಇರುವೆಡೆಯಲ್ಲಿ ಈ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಅವಸರದಲ್ಲಿ ಹುಟ್ಟಿದ ಜೀವಕೋಶಗಳು ಉದುರಲು ಸಮಯವಿಲ್ಲದೆ ಒಂದರ ಮೇಲೊಂದು ಕುಳಿತು, ಕೆಂಪು ನೆಲದ ಮೇಲೆ ಬೆಳ್ಳಿಯ ಬಣ್ಣದ ಚಕ್ಕೆಗಳಾಗುತ್ತವೆ. ಮೊಣಕೈ, ಮೊಣಕಾಲು, ನೆತ್ತಿ ಇವು ಅದರ ಮೆಚ್ಚಿನ ಸ್ಥಳಗಳು. ಈ ರೋಗವುಳ್ಳವರಲ್ಲಿ ಸರಿಸುಮಾರು ಮೂರನೆಯ ಒಂದು ಭಾಗದವರಿಗೆ ಅದು ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ ಆರಂಭವಾಗಿರುತ್ತದೆ. ಕೆಲವು ಮಕ್ಕಳಲ್ಲಿ ಗಂಟಲು ನೋವು ಬಂದುಹೋದ ಎರಡು ಮೂರು ವಾರಗಳಲ್ಲಿ ಮೈತುಂಬ ಸಣ್ಣ ಸಣ್ಣ ಹನಿಗಳಂತೆ ಏಳುವುದೂ ಉಂಟು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಈ ವಾಕ್ಯವನ್ನು ಕರಿಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆಂದು ಭಾವಿಸಿರಿ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗರ ಸಮವಸ್ತ್ರವೆಂದರೆ ಚಡ್ಡಿ ಮತ್ತು ಅರ್ಧ ತೋಳಿನ ಅಂಗಿ. ಹುಡುಗಿಯರಿಗೆ ನಡುವೆ ಬೈತಲೆ ತೆಗೆದ ಎರಡು ಜಡೆ. ರೋಗಕ್ಕೆ ಪ್ರಿಯವಾದ ಜಾಗಗಳನ್ನೇ ಹುಡುಕಿ ತೆರೆದಿಟ್ಟಂತಿತ್ತು ಆ ಉಡುಪು. 1980ರ ದಶಕದ ಆರಂಭದಲ್ಲಿ ಹರಿಹರದ ಕಾರ್ಖಾನೆ ಕಾರ್ಮಿಕರೊಬ್ಬರ ಮಗ ನನ್ನ ತರಗತಿಯಲ್ಲಿದ್ದ. ಅವನ ಮೊಣಕಾಲುಗಳನ್ನು ಕಂಡು ಇತರ ಪೋಷಕರು ದೂರಿತ್ತರು. ಆ ಶಾಲೆಯಲ್ಲಿ ಅವನನ್ನು ಕೆಲಕಾಲ ಕೊನೆಯ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಲಾಯಿತು. ವಿಜ್ಞಾನದ ಮೇಷ್ಟ್ರೂ ನಾನೂ ಸೇರಿ ಮಾತನಾಡಿ ಅವನನ್ನು ಮರಳಿ ಮುಂದಿನ ಸಾಲಿಗೆ ಕರೆತಂದೆವು. ತಂದೆ ಅವನನ್ನು 14 ಕಿಲೋಮೀಟರ್ ದೂರದ ದಾವಣಗೆರೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದರು. ಅಲ್ಲಿ ಕೊಟ್ಟ ಕಪ್ಪು ಮುಲಾಮು ಡಾಂಬರಿನ ವಾಸನೆ ಹೊಡೆಯುತ್ತಿತ್ತು. ಹಾಸಿಗೆ, ಬಟ್ಟೆ ಎಲ್ಲಕ್ಕೂ ಕಲೆ. ಅದನ್ನು ಹಚ್ಚಿಕೊಂಡು ಬಂದ ದಿನ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಹಚ್ಚದೆ ಬಂದ ದಿನ ಚಕ್ಕೆಗಳನ್ನು ನೋಡಿ ದೂರ ಸರಿಯುತ್ತಿದ್ದರು. ‘ಸಾರ್, ಇದು ಯಾವಾಗ ಹೋಗುತ್ತೆ?’ ಎಂದು ಒಮ್ಮೆ ಕೇಳಿದ್ದ. ಅಂದು ಅದಕ್ಕೆ ಉತ್ತರ ಕೊಡಬಲ್ಲವರು ಯಾರೂ ಇರಲಿಲ್ಲ.

ಮಕ್ಕಳನ್ನು ದೂರವಿಡುವ ಈ ಭಯ ಇಂದು ನಿನ್ನೆಯದಲ್ಲ. ನಮ್ಮ ಚರಕಸಂಹಿತೆ ಚರ್ಮರೋಗಗಳನ್ನು ‘ಕುಷ್ಠ’ ಎಂಬ ಒಂದೇ ಮಹಾಶೀರ್ಷಿಕೆಯಡಿ 18 ಬಗೆಯಾಗಿ ವಿಂಗಡಿಸುತ್ತದೆ: 7 ಮಹಾಕುಷ್ಠಗಳು, 11 ಕ್ಷುದ್ರಕುಷ್ಠಗಳು. ಕ್ಷುದ್ರಕುಷ್ಠಗಳಲ್ಲಿ ಬರುವ ‘ಕಿಟಿಭ’, ‘ಏಕಕುಷ್ಠ’ಗಳ ವರ್ಣನೆಯಲ್ಲಿ ಇಂದಿನ ಸೋರಿಯಾಸಿಸ್ಸಿನ ಹೋಲಿಕೆಯನ್ನು ಆಯುರ್ವೇದ ಪಂಡಿತರು ಕಾಣುತ್ತಾರೆ. ಗ್ರೀಕರ ‘ಸೋರಾ’ ಎಂದರೆ ತುರಿಕೆ. ರೋಗದ ಹೆಸರು ಬಂದುದು ಅಲ್ಲಿಂದ. ಯುರೋಪಿನಲ್ಲಿಯೂ ಶತಮಾನಗಳ ಕಾಲ ಇದನ್ನು ಕುಷ್ಠದೊಂದಿಗೆ ಬೆರೆಸಿಯೇ ನೋಡಿದರು. 19ನೆಯ ಶತಮಾನದ ಮೊದಲಲ್ಲಿ ಇಂಗ್ಲೆಂಡಿನ ರಾಬರ್ಟ್ ವಿಲನ್ ಇದನ್ನು ಕ್ರಮವಾಗಿ ವರ್ಣಿಸಿದರೂ ಕುಷ್ಠದ ಹೆಸರಿನ ನೆರಳು ಉಳಿದೇ ಇತ್ತು. 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎರಡನ್ನೂ ಖಚಿತವಾಗಿ ಬೇರ್ಪಡಿಸಿದ. ವಿದ್ವಾಂಸರ ಗ್ರಂಥದಲ್ಲಿ 1841ರಲ್ಲಿ ಬೇರ್ಪಟ್ಟದ್ದು ನಮ್ಮ ಶಾಲೆಯ ಬೆಂಚಿನ ಮೇಲೆ ಬೇರ್ಪಡಲು ಇನ್ನೂ ಸುಮಾರು ನೂರನಲವತ್ತು ವರ್ಷ ಬೇಕಾಯಿತು.

ಇನ್ನು ಔಷಧಿಗಳ ವಿಚಾರ. 1786ರಲ್ಲಿ ಥಾಮಸ್ ಫೌಲರ್ ಎಂಬ ಇಂಗ್ಲಿಷ್ ವೈದ್ಯ ಪ್ರಕಟಿಸಿದ ಪಾಷಾಣದ ದ್ರಾವಣವನ್ನು ಮುಂದಿನ ಶತಮಾನದಲ್ಲಿ ಸೋರಿಯಾಸಿಸ್ಸಿಗೂ ಧಾರಾಳವಾಗಿ ಕುಡಿಸಿದರು. ಕೆಲವರಲ್ಲಿ ಚಕ್ಕೆಗಳು ಕಡಿಮೆಯಾದವು, ನಿಜ. ಆದರೆ ದೀರ್ಘಕಾಲ ಸೇವಿಸಿದವರಲ್ಲಿ ಚರ್ಮದ ಅರ್ಬುದ ಕಾಣಿಸಿಕೊಂಡಿತು. 1870ರ ದಶಕದಲ್ಲಿ ಲಂಡನ್ನಿನ ಬಾಲ್ಮನ್ನೋ ಸ್ಕ್ವೈರ್ ಎಂಬ ವೈದ್ಯ ‘ಗೋವಾ ಪುಡಿ’ಯನ್ನು ಬಳಕೆಗೆ ತಂದ. ಹೆಸರು ನಮ್ಮ ನೆರೆಯ ಗೋವೆಯದಾದರೂ ಮೂಲ ಅಲ್ಲಿನದಲ್ಲ. ಬ್ರೆಜಿಲ್ ದೇಶದ ಅರರೋಬಾ ಮರದಿಂದ ದೊರೆಯುವ ಆ ಪುಡಿ ಪೋರ್ಚುಗೀಸರ ಹಡಗುಗಳಲ್ಲಿ ಗೋವೆಗೆ ಬಂದು, ಇಲ್ಲಿ ಗಜಕರ್ಣದ ಮದ್ದಾಗಿ ಪ್ರಸಿದ್ಧವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಜರ್ಮನಿಗೆ ಅದರ ಪೂರೈಕೆ ಕಡಿದಾಗ, 1916ರಲ್ಲಿ ಅದಕ್ಕೆ ಬದಲಿಯಾಗಿ ಪ್ರಯೋಗಶಾಲೆಯಲ್ಲಿ ತಯಾರಾದ ಡಿಥ್ರನಾಲ್ ಬಳಕೆಗೆ ಬಂತು. 1925ರಲ್ಲಿ ಅಮೆರಿಕದ ಗೋಕರ್‌ಮನ್ ಕಲ್ಲಿದ್ದಲ ಡಾಂಬರಿನ ಲೇಪಕ್ಕೆ ಅತಿನೇರಳೆ ಬೆಳಕನ್ನು ಜೋಡಿಸಿದ. ಹರಿಹರದ ಆ ಹುಡುಗ ಹಚ್ಚಿಕೊಳ್ಳುತ್ತಿದ್ದ ಕಪ್ಪು ಮುಲಾಮು ಇದೇ ವಂಶದ್ದು.

ಈ ಕಥೆಯಲ್ಲಿ ನಮ್ಮ ನೆಲದ ಪಾತ್ರವೂ ಇದೆ. ಗ್ರಂಧಿಗೆ ಅಂಗಡಿಗಳಲ್ಲಿ ದೊರೆಯುವ ಬಾವಂಚಿ ಬೀಜವನ್ನು, ಅಂದರೆ ಸಂಸ್ಕೃತದ ಬಾಕುಚಿಯನ್ನು, ತೊನ್ನಿಗೆ ಬಳಸುವುದು ಬಹು ಪ್ರಾಚೀನ. 1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಮೂವರು ಭಾರತೀಯ ರಸಾಯನಶಾಸ್ತ್ರಜ್ಞರು ಆ ಬೀಜದ ರಾಸಾಯನಿಕ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಸೋರಾಲೆನ್ ಎಂಬ ಸಾರಾಂಶ ಬೆಳಕಿಗೆ ಬಂದುದು ಹೀಗೆ. 1974ರಲ್ಲಿ ಅಮೆರಿಕದ ವೈದ್ಯರು ಇದೇ ಕುಟುಂಬದ ಮಾತ್ರೆಯನ್ನು ಕೊಟ್ಟು, ಬಳಿಕ ಅತಿನೇರಳೆ ಬೆಳಕಿಗೆ ಒಡ್ಡಿ ಸೋರಿಯಾಸಿಸ್ಸನ್ನು ತಿಳಿಯಾಗಿಸಿದರು. (ಹಾಗೆಂದು ಯಾರೂ ಮನೆಯಲ್ಲಿ ಬಾವಂಚಿ ಅರೆದು ಮಗುವಿಗೆ ಹಚ್ಚಿ ಬಿಸಿಲಿಗೆ ನಿಲ್ಲಿಸಬಾರದು, ಮೈ ಸುಟ್ಟು ಬೊಬ್ಬೆ ಏಳುತ್ತದೆ.) ಹಾಗೆಯೇ ಭೀಮಾವರಂನಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡದಿಂದ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್ ಎಂಬ ಔಷಧಿಗಳು ಬಂದವು. ಅವು ಮೊದಲು ರಕ್ತದ ಅರ್ಬುದಕ್ಕಾಗಿ ಬಂದಂಥವು. 1951ರಲ್ಲಿ ಗುಬ್ನರ್ ಎಂಬ ವೈದ್ಯ ಅಮಿನಾಪ್ಟೆರಿನ್ನಿನಿಂದ ಸೋರಿಯಾಸಿಸ್ ಇಳಿಯುವುದನ್ನು ವರದಿ ಮಾಡಿದ. ಸುಬ್ಬರಾವ್ ಅದಕ್ಕೆ ಮೂರು ವರ್ಷ ಮುನ್ನವೇ, 1948ರಲ್ಲಿ, ತೀರಿಕೊಂಡಿದ್ದರು. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳ ಸೋರಿಯಾಸಿಸ್ಸಿನ ದುಡಿಯುವ ಎತ್ತು. ಯುರೋಪ್ ಮತ್ತು ಉತ್ತರ ಅಮೆರಿಕದ 20 ಕೇಂದ್ರಗಳ 390 ಮಕ್ಕಳನ್ನು ಕುರಿತ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 270 ಮಕ್ಕಳು ಅದನ್ನು ಪಡೆದಿದ್ದರು. ಬಡವರ ಕೈಗೆಟಕುವ ಔಷಧಿಯೂ ಅದೇ.

ಇಷ್ಟೆಲ್ಲ ಔಷಧಿಗಳು ಬಂದರೂ ರೋಗದ ಬೇರು ಎಲ್ಲಿದೆ ಎಂಬುದು ತಿಳಿದಿರಲಿಲ್ಲ. ಚರ್ಮದಲ್ಲಿ ಕಾಣುವುದು ಚರ್ಮದ್ದೇ ದೋಷವೆಂದು ನಂಬಿದ್ದರು. 1979ರಲ್ಲಿ, ಅಂಗಾಂಗ ಕಸಿಯಲ್ಲಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸಲು ಬಳಸುವ ಸೈಕ್ಲೋಸ್ಪೊರಿನ್ ಔಷಧಿಯನ್ನು ಪಡೆದ ಕೆಲವು ರೋಗಿಗಳ ಸೋರಿಯಾಸಿಸ್ ಮಾಯವಾದುದನ್ನು ವೈದ್ಯರು ಗಮನಿಸಿದರು. ತಪ್ಪು ಚರ್ಮದಲ್ಲಿಲ್ಲ, ಕಾವಲುಗಾರನಲ್ಲಿದೆ ಎಂಬ ಅರಿವು ಅಲ್ಲಿಂದ ಗಟ್ಟಿಯಾಯಿತು. ಶತ್ರುವಿಲ್ಲದ ಕಡೆ ಶತ್ರುವಿದ್ದಾನೆಂದು ಬಗೆದು ರೋಗನಿರೋಧಕ ವ್ಯವಸ್ಥೆ ಸಂದೇಶಗಳನ್ನು ಕಳುಹಿಸುತ್ತದೆ. ಆ ಸಂದೇಶವಾಹಕರಲ್ಲಿ ಮುಖ್ಯವಾದವು ಟಿ.ಎನ್.ಎಫ್., ಇಂಟರ್‌ಲ್ಯೂಕಿನ್ 17, ಇಂಟರ್‌ಲ್ಯೂಕಿನ್ 23 ಎಂಬ ಪ್ರೋಟೀನುಗಳು. ಚರ್ಮ ಆ ಸಂದೇಶವನ್ನು ನಂಬಿ ಅವಸರದಿಂದ ಬೆಳೆಯತೊಡಗುತ್ತದೆ.

ಹಾಗಾದರೆ ಆ ಸಂದೇಶವಾಹಕನನ್ನು ಮಾತ್ರ ಹಿಡಿದು ನಿಲ್ಲಿಸಲು ಸಾಧ್ಯವೇ? 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಇದಕ್ಕೆ ದಾರಿ ತೋರಿಸಿದ್ದರು. ಒಂದೇ ಗುರಿಗೆ ಹೋಗಿ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನ ಅದು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಜೈವಿಕ ಔಷಧಿಗಳಲ್ಲಿ ಬಹುಪಾಲು ಇಂಥ ಪ್ರತಿಕಾಯಗಳೇ. ಇವು ರಾಸಾಯನಿಕ ಗುಳಿಗೆಗಳಲ್ಲ. ಜೀವಕೋಶಗಳ ಒಳಗೆ ತಯಾರಾದ ದೊಡ್ಡ ಪ್ರೋಟೀನುಗಳು. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತವೆ. ಆದಕಾರಣ ಚುಚ್ಚಿಯೇ ಕೊಡಬೇಕು, ತಣ್ಣಗಿಟ್ಟೇ ಸಾಗಿಸಬೇಕು.

ಈ ಹೊಸ ಬಗೆಯ ಔಷಧಿಗಳಲ್ಲಿಯೂ ಸೋತವುಂಟು. 2003ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಫಾಲಿಜುಮಾಬ್ ಎಂಬ ಚುಚ್ಚುಮದ್ದಿನಿಂದ ಮಿದುಳಿನ ಮಾರಕ ಸೋಂಕು ಕಾಣಿಸಿಕೊಂಡು, 2009ರಲ್ಲಿ ಅದು ಮಾರುಕಟ್ಟೆಯಿಂದಲೇ ಹೊರಬಿತ್ತು. ಹಲವು ವರ್ಷಗಳ ಬಳಕೆಯಾದ ಮೇಲಷ್ಟೇ ಈ ಅಪಾಯ ತಿಳಿದದ್ದು. ಮಕ್ಕಳ ವಿಷಯದಲ್ಲಿ ಜಗತ್ತು ಏಕೆ ನಿಧಾನಿಸಿತು ಎಂಬುದಕ್ಕೆ ಇದೂ ಒಂದು ಕಾರಣ.

ಕರ್ನಾಟಕವೂ ಈ ಚರಿತ್ರೆಯಲ್ಲಿ ಒಂದು ಪುಟವನ್ನು ಬರೆದಿದೆ. ಕಿರಣ್ ಮಜುಂದಾರ್ ಷಾ ಅವರು 1978ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಬಯೋಕಾನ್ ಸಂಸ್ಥೆ, ಕ್ಯೂಬಾ ದೇಶದ ಹವಾನಾದಲ್ಲಿರುವ ಆಣ್ವಿಕ ಪ್ರತಿರಕ್ಷಾ ಕೇಂದ್ರದೊಂದಿಗೆ ಕೂಡಿ ಇಟೊಲಿಜುಮಾಬ್ ಎಂಬ ಪ್ರತಿಕಾಯವನ್ನು ಬೆಳೆಸಿತು. 2013ರಲ್ಲಿ ಅದು ಭಾರತದಲ್ಲಿ ‘ಅಲ್ಜುಮಾಬ್’ ಎಂಬ ಹೆಸರಿನಿಂದ ಸೋರಿಯಾಸಿಸ್ಸಿಗಾಗಿ ಬಿಡುಗಡೆಯಾಯಿತು. ಅದರ ಭಾರತೀಯ ಪರೀಕ್ಷೆಯ ಫಲಿತಾಂಶ 2014ರಲ್ಲಿ ಅಮೆರಿಕದ ಚರ್ಮರೋಗ ಪತ್ರಿಕೆಯಲ್ಲಿ ಪ್ರಕಟವಾದಾಗ ಮೊದಲ ಲೇಖಕರಾಗಿದ್ದವರು ಬೆಂಗಳೂರಿನ ಚರ್ಮತಜ್ಞ ಡಾ. ಡಿ.ಎಸ್. ಕೃಪಾಶಂಕರ್. ಹೆಮ್ಮೆಯ ಸಂಗತಿ. ಆದರೂ ಒಂದು ಮಾತನ್ನು ಗಮನಿಸಬೇಕು: ಆ ಪರೀಕ್ಷೆ ನಡೆದದ್ದು ವಯಸ್ಕರಲ್ಲಿ. ನಮ್ಮ ರಾಜಧಾನಿಯಲ್ಲೇ ತಯಾರಾದ ಔಷಧಿಯ ಸಾಲಿನಲ್ಲಿಯೂ ಮಕ್ಕಳು ಮುಂದೆ ನಿಂತಿರಲಿಲ್ಲ.

ಇನ್ನು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಚರಿತ್ರೆಯ ಮೇಷ್ಟ್ರಿಗೆ ಇದು ಹಳೆಯ ಅಭ್ಯಾಸ. ಎಟನರ್ಸೆಪ್ಟ್ ಎಂಬ ಟಿ.ಎನ್.ಎಫ್. ನಿರೋಧಕಕ್ಕೆ ಅಮೆರಿಕದಲ್ಲಿ ವಯಸ್ಕರ ಸೋರಿಯಾಸಿಸ್ಸಿಗಾಗಿ ಅನುಮತಿ ದೊರೆತದ್ದು 2004ರಲ್ಲಿ. 4 ವರ್ಷ ಮೇಲ್ಪಟ್ಟ ಮಕ್ಕಳಿಗೆ 2016ರಲ್ಲಿ. ನಡುವೆ 12 ವರ್ಷ. ಅಂದರೆ ಒಂದನೆಯ ತರಗತಿಗೆ ಸೇರಿದ ಮಗು ಪಿ.ಯು.ಸಿ. ಮುಗಿಸುವಷ್ಟು ಕಾಲ. ಯುರೋಪು ಮಾತ್ರ 2008ರಲ್ಲಿಯೇ 8 ವರ್ಷ ಮೇಲ್ಪಟ್ಟವರಿಗೆ ಒಪ್ಪಿಗೆ ಕೊಟ್ಟಿತ್ತು. ಅದೇ ವರ್ಷ ಪ್ರಕಟವಾಗಿದ್ದ, 4ರಿಂದ 17 ವರ್ಷದ 211 ಮಕ್ಕಳ ಪರೀಕ್ಷೆಯಲ್ಲಿ 12 ವಾರಗಳ ಬಳಿಕ ಔಷಧಿ ಪಡೆದವರಲ್ಲಿ ಶೇ. 57ರಷ್ಟು ಮಕ್ಕಳ ರೋಗ ಮುಕ್ಕಾಲು ಭಾಗ ಇಳಿದಿತ್ತು. ಹುಸಿಮದ್ದು ಪಡೆದವರಲ್ಲಿ ಶೇ. 11ರಷ್ಟು ಮಾತ್ರ. ಹಾಗಿದ್ದೂ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇಂಥ ಔಷಧಿಗಳನ್ನು ಪಡೆದ ಮಕ್ಕಳಲ್ಲಿ ಅರ್ಬುದದ ಸಂಭವದ ಬಗ್ಗೆ ದಪ್ಪ ಚೌಕಟ್ಟಿನ ಎಚ್ಚರಿಕೆಯನ್ನು ಮುದ್ರಿಸಬೇಕೆಂದು ಆಜ್ಞಾಪಿಸಿದರು. ನಿಧಾನಕ್ಕೆ ಕಾರಣವಿತ್ತು ಎಂಬುದೂ ನಿಜ, ಆ ನಿಧಾನದಲ್ಲಿ ಒಂದು ತಲೆಮಾರಿನ ಬಾಲ್ಯ ಕಳೆದುಹೋಯಿತು ಎಂಬುದೂ ನಿಜ.

ಅನಂತರದ ಹೆಜ್ಜೆಗಳು ಬೇಗ ಬಿದ್ದವು. 2015ರಲ್ಲಿ ಯುರೋಪಿನಲ್ಲಿ ಅಡಲಿಮುಮಾಬ್ 4 ವರ್ಷ ಮೇಲ್ಪಟ್ಟವರಿಗೆ ಬಂತು. 2017ರಲ್ಲಿ ಪ್ರಕಟವಾದ 114 ಮಕ್ಕಳ ಪರೀಕ್ಷೆಯೊಂದರಲ್ಲಿ ಅದನ್ನು ನೇರವಾಗಿ ಮೆಥೊಟ್ರೆಕ್ಸೇಟಿನೊಂದಿಗೆ ಹೋಲಿಸಿದಾಗ, ಪೂರ್ಣ ಪ್ರಮಾಣ ಪಡೆದವರಲ್ಲಿ ಶೇ. 58ರಷ್ಟು ಮಕ್ಕಳಿಗೆ ಉತ್ತಮ ಗುಣ ಕಂಡರೆ ಮೆಥೊಟ್ರೆಕ್ಸೇಟಿನಲ್ಲಿ ಶೇ. 32ರಷ್ಟು ಮಕ್ಕಳಿಗೆ ಕಂಡಿತು. ಉಸ್ಟೆಕಿನುಮಾಬ್ ಅಮೆರಿಕದಲ್ಲಿ ವಯಸ್ಕರಿಗೆ 2009ರಲ್ಲಿ, 12 ವರ್ಷ ಮೇಲ್ಪಟ್ಟವರಿಗೆ 2017ರಲ್ಲಿ, 6 ವರ್ಷ ಮೇಲ್ಪಟ್ಟವರಿಗೆ 2020ರಲ್ಲಿ. ಇಂಟರ್‌ಲ್ಯೂಕಿನ್ 17ನ್ನು ತಡೆಯುವ ಇಕ್ಸೆಕಿಜುಮಾಬ್ ವಯಸ್ಕರಿಗೆ 2016, ಮಕ್ಕಳಿಗೆ 2020. ಸೆಕುಕಿನುಮಾಬ್ ವಯಸ್ಕರಿಗೆ 2015, ಮಕ್ಕಳಿಗೆ 2021. 12 ವರ್ಷವಿದ್ದ ಅಂತರ 4ಕ್ಕೆ, 6ಕ್ಕೆ ಇಳಿದಿದೆ. ಮಕ್ಕಳ ಸರದಿ ಈಗಲೂ ಕೊನೆಯದೇ. ಆದರೆ ಸಾಲು ಮೊದಲಿಗಿಂತ ಬೇಗ ಸಾಗುತ್ತಿದೆ.

‘ಮಗುವಿನ ಮೇಲೆ ಪ್ರಯೋಗವೇ?’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಪ್ರಯೋಗಗಳು ನಡೆದಿವೆ, ಒಪ್ಪಿಗೆ ಪಡೆದು, ಲೆಕ್ಕವಿಟ್ಟು, ಫಲಿತಾಂಶವನ್ನು ಲೋಕದ ಮುಂದಿಟ್ಟು. ಎಲ್ಲೋ ದೂರದ ದೇಶಗಳ ಕೆಲವು ನೂರು ಮಕ್ಕಳು ಚುಚ್ಚಿಸಿಕೊಂಡ ಸೂಜಿಯ ಫಲವಾಗಿ ಇಂದು ನಿಮ್ಮ ಮಗುವಿನ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ನಿರ್ಧರಿಸಲು ಸಾಧ್ಯವಾಗಿದೆ. ಆ ಮಕ್ಕಳ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಇನ್ನು ಬದಲಾವಣೆಯ ಪ್ರಶ್ನೆ. ಒಂದು ಜೈವಿಕ ಔಷಧಿಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಹಲವು ಕಾರಣಗಳಿರುತ್ತವೆ. ಕೆಲವು ಮಕ್ಕಳಿಗೆ ಮೊದಲಿನಿಂದಲೇ ಗುಣ ಕಾಣುವುದಿಲ್ಲ. ಅವರ ರೋಗವನ್ನು ನಡೆಸುವ ಸಂದೇಶವಾಹಕ ಬೇರೆಯಾಗಿರಬಹುದು. ಕೆಲವರಲ್ಲಿ ಮೊದಲು ಗುಣ ಕಂಡು ಕಾಲಕ್ರಮೇಣ ಕುಂದುತ್ತದೆ. ಔಷಧಿಯೇ ಒಂದು ಪ್ರೋಟೀನಾದ್ದರಿಂದ ಶರೀರ ಅದನ್ನು ಪರಕೀಯನೆಂದು ಬಗೆದು ಅದರ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುವುದುಂಟು. ಇದು ಪಥ್ಯದ ದೋಷವಲ್ಲ, ತಾಯಿಯ ಅಜಾಗರೂಕತೆಯಲ್ಲ, ಮಗು ಬದನೆಕಾಯಿ ತಿಂದುದರ ಫಲವೂ ಅಲ್ಲ. ಇನ್ನು ಕೆಲವೊಮ್ಮೆ ವಿಚಿತ್ರವೊಂದು ಸಂಭವಿಸುತ್ತದೆ: ಸಂಧಿವಾತಕ್ಕೋ ಕರುಳಿನ ಉರಿಯೂತಕ್ಕೋ ಟಿ.ಎನ್.ಎಫ್. ನಿರೋಧಕ ಪಡೆಯುತ್ತಿರುವ ಮಗುವಿಗೆ ಅದೇ ಔಷಧಿಯಿಂದ ಸೋರಿಯಾಸಿಸ್ ಹೊಸದಾಗಿ ಏಳುತ್ತದೆ. ಆಗಲೂ ಬದಲಾಯಿಸಬೇಕಾಗಬಹುದು. ಕರುಳಿನ ಉರಿಯೂತವಿರುವ ಮಗುವಿಗೆ ಇಂಟರ್‌ಲ್ಯೂಕಿನ್ 17ರ ನಿರೋಧಕಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅವು ಕರುಳಿನ ರೋಗವನ್ನು ಕೆದಕಬಹುದು.

ಸೂಜಿಗಳ ನಡುವಣ ಅಂತರವೂ ಒಂದು ಕಾರಣವೇ. ಎಟನರ್ಸೆಪ್ಟ್ ವಾರಕ್ಕೊಮ್ಮೆ, ಅಡಲಿಮುಮಾಬ್ ಎರಡು ವಾರಕ್ಕೊಮ್ಮೆ, ಸೆಕುಕಿನುಮಾಬ್ ಆರಂಭದ ಸುತ್ತು ಮುಗಿದ ಮೇಲೆ ನಾಲ್ಕು ವಾರಕ್ಕೊಮ್ಮೆ, ಉಸ್ಟೆಕಿನುಮಾಬ್ ಆರಂಭದ ಎರಡು ಪ್ರಮಾಣಗಳಾದ ಬಳಿಕ 12 ವಾರಕ್ಕೊಮ್ಮೆ. ವರ್ಷಕ್ಕೆ 52 ಸೂಜಿಗಳಿಗೂ ನಾಲ್ಕೈದಕ್ಕೂ ಇರುವ ವ್ಯತ್ಯಾಸ ಎಂಟು ವರ್ಷದ ಮಗುವಿನ ಕಣ್ಣಿಗೆ ಬಹಳ ದೊಡ್ಡದು.

ಕೊನೆಯದಾಗಿ, ನಾವು ಹೇಳಿಕೊಳ್ಳಲು ಸಂಕೋಚಪಡುವ ಕಾರಣ, ದುಡ್ಡು. ಭಾರತ ಸರ್ಕಾರ 2012ರಲ್ಲಿ ಸದೃಶ ಜೈವಿಕ ಔಷಧಿಗಳಿಗೆ, ಅಂದರೆ ಬಯೋಸಿಮಿಲರ್‌ಗಳಿಗೆ, ಮಾರ್ಗಸೂಚಿಯನ್ನು ಹೊರಡಿಸಿತು. 2014ರ ಡಿಸೆಂಬರಿನಲ್ಲಿ ಅಡಲಿಮುಮಾಬಿನ ಜಗತ್ತಿನ ಮೊದಲ ಬಯೋಸಿಮಿಲರ್ ಭಾರತದಲ್ಲಿಯೇ ಮಾರುಕಟ್ಟೆಗೆ ಬಂತು. ಮೂಲ ಔಷಧಿಯಿಂದ ಇಂಥದ್ದಕ್ಕೆ ಹೋಗುವುದು ಒಂದು ಬಗೆಯ ಬದಲಾವಣೆ. ಒಂದು ಗುರಿಯ ಔಷಧಿಯಿಂದ ಇನ್ನೊಂದು ಗುರಿಯದಕ್ಕೆ ಹೋಗುವುದು ಬೇರೆಯೇ ಬಗೆ. ಮೊದಲನೆಯದು ಅದೇ ಊರಿಗೆ ಬೇರೆ ಬಸ್ಸು ಹತ್ತಿದಂತೆ, ಎರಡನೆಯದು ಬೇರೆ ದಾರಿಯನ್ನೇ ಹಿಡಿದಂತೆ. ವೈದ್ಯರು ‘ಬದಲಾಯಿಸೋಣ’ ಎಂದಾಗ ಇವೆರಡರಲ್ಲಿ ಯಾವುದು ಎಂದು ಕೇಳಿ ತಿಳಿಯುವುದು ನಿಮ್ಮ ಹಕ್ಕು.

ನಮ್ಮ ದೇಶದಲ್ಲಿ ಇನ್ನೆರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು ಕ್ಷಯ. ಶರೀರದಲ್ಲಿ ಅಡಗಿ ಮಲಗಿರುವ ಕ್ಷಯವನ್ನು ಈ ಔಷಧಿಗಳು, ವಿಶೇಷವಾಗಿ ಟಿ.ಎನ್.ಎಫ್. ನಿರೋಧಕಗಳು, ಎಬ್ಬಿಸಬಲ್ಲವು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿರುವಾಗ, ಎದೆಯ ಎಕ್ಸ್‌ರೇ, ಚರ್ಮದ ಅಥವಾ ರಕ್ತದ ಪರೀಕ್ಷೆ ಇಲ್ಲದೆ ಆರಂಭಿಸುವಂತಿಲ್ಲ. ಮನೆಯಲ್ಲಿ ಅಜ್ಜನಿಗೋ ಬಾಡಿಗೆದಾರರಿಗೋ ದೀರ್ಘಕಾಲದ ಕೆಮ್ಮಿದ್ದರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಬೇಕು. ಎರಡನೆಯದು ಲಸಿಕೆ. ದಡಾರದಂಥ ಜೀವಂತ ಲಸಿಕೆಗಳನ್ನು ಔಷಧಿ ನಡೆಯುವಾಗ ಸಾಮಾನ್ಯವಾಗಿ ಕೊಡುವಂತಿಲ್ಲವಾದ್ದರಿಂದ ಅಂಗನವಾಡಿಯ ಲಸಿಕಾ ಕಾರ್ಡನ್ನು ಮೊದಲ ಭೇಟಿಗೇ ಒಯ್ಯಬೇಕು.

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಾಗ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯ ಊರುಗಳು. 1997ರಲ್ಲಿ ನಮ್ಮದೇ ಜಿಲ್ಲೆಯಾಯಿತು. ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಬಾಪೂಜಿ ಮಕ್ಕಳ ಆಸ್ಪತ್ರೆ, ಅನಂತರ ಬಂದ ಎಸ್.ಎಸ್. ವೈದ್ಯಕೀಯ ಕಾಲೇಜು, ಹೀಗೆ ಸುತ್ತಲ ತಾಲ್ಲೂಕುಗಳ ಜನ ಮಕ್ಕಳನ್ನು ಎತ್ತಿಕೊಂಡು ಬರುವ ಊರು ಇದು. ಆದರೆ ಔಷಧಿ ಬದಲಾಗುವ ನಡುವಣ ಕೆಲವು ವಾರಗಳಲ್ಲಿ ಬೇಸತ್ತ ಕುಟುಂಬಗಳು ಅಲ್ಲಿಂದ ಕಳಚಿಕೊಳ್ಳುವ ಅಪಾಯವಿದೆ. ‘ಮೂರೇ ದಿನಗಳಲ್ಲಿ ಗುಣ’ ಎಂಬ ಜಾಹೀರಾತಿನ ಪುಡಿಗಳಲ್ಲಿ ಗುಟ್ಟಾಗಿ ಸ್ಟಿರಾಯ್ಡ್ ಬೆರೆತಿದ್ದರೆ ಮೊದಲು ಮೈ ತಿಳಿಯಾಗುತ್ತದೆ. ಬಿಟ್ಟ ಕೂಡಲೇ ರೋಗ ದ್ವಿಗುಣಿಸಿ ಮರಳುತ್ತದೆ. ಕೆಲವೊಮ್ಮೆ ಮೈತುಂಬ ಕೀವುಗುಳ್ಳೆಗಳೆದ್ದು ಜೀವಕ್ಕೇ ಸಂಚಕಾರ ತರುತ್ತದೆ. ಮೊದಲ ಚುಚ್ಚುಮದ್ದು ಕುಂದಿದ್ದನ್ನು ಸೋಲೆಂದು ತಿಳಿದು ಕೈಚೆಲ್ಲಿದವರೇ ಈ ಬಲೆಗೆ ಬೀಳುವವರು. ನಾನು ಇಷ್ಟು ದೀರ್ಘವಾಗಿ ಬರೆದದ್ದು ಅದಕ್ಕಾಗಿಯೇ.

ಚರಿತ್ರೆಯನ್ನೊಮ್ಮೆ ಹಿಂತಿರುಗಿ ನೋಡಿ: ಪಾಷಾಣ ಹೋಗಿ ಗೋವಾ ಪುಡಿ ಬಂತು, ಅದು ಹೋಗಿ ಡಿಥ್ರನಾಲ್ ಬಂತು, ಡಾಂಬರು, ಬೆಳಕು, ಮೆಥೊಟ್ರೆಕ್ಸೇಟ್, ಜೈವಿಕ ಔಷಧಿ. ಮನುಕುಲ ಇನ್ನೂರು ವರ್ಷಗಳಲ್ಲಿ ಮದ್ದು ಬದಲಾಯಿಸುತ್ತಲೇ ಇಲ್ಲಿಗೆ ಬಂದಿದೆ. ನಿಮ್ಮ ಮಗು ಎರಡು ವರ್ಷಗಳಲ್ಲಿ ಒಮ್ಮೆ ಬದಲಾಯಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಕೊಳ್ಳಿರಿ. ಔಷಧಿಯ ಹೆಸರು, ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆ, ತಾರೀಖು, ಮಗುವಿನ ತೂಕ, ಬಂದುಹೋದ ಜ್ವರ ಕೆಮ್ಮು, ಇವನ್ನೆಲ್ಲ ಬರೆದಿಡಿ. ಮೊಣಕಾಲಿನ ಚಿತ್ರವನ್ನು ತಿಂಗಳಿಗೊಮ್ಮೆ ಮೊಬೈಲಿನಲ್ಲಿ ತೆಗೆದಿಡಿ. ಶಾಲೆಯಲ್ಲಿ ಏನಾಯಿತೆಂಬುದನ್ನೂ ಒಂದು ಸಾಲು ಬರೆಯಿರಿ. 1995ರಲ್ಲಿ ಬ್ರಿಟನ್ನಿನ ವೈದ್ಯರು ಚರ್ಮರೋಗವುಳ್ಳ ಮಕ್ಕಳಿಗಾಗಿ ರಚಿಸಿದ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ತುರಿಕೆ, ನಿದ್ರೆಗಳ ಜೊತೆಗೆ ಗೆಳೆತನ, ಆಟ, ಶಾಲೆ, ಗೇಲಿ ಇವೂ ಸೇರಿವೆ. ಔಷಧಿ ಬದಲಾಯಿಸಬೇಕೇ ಎಂದು ನಿರ್ಧರಿಸುವಾಗ ಚಕ್ಕೆಗಳ ಅಳತೆಯಷ್ಟೇ ಮುಖ್ಯವಾದ ಸಂಗತಿಗಳಿವು.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ವಿಶ್ವ ಆರೋಗ್ಯ ಸಭೆ 2014ರ ಮೇ ತಿಂಗಳಿನಲ್ಲಿ ಸೋರಿಯಾಸಿಸ್ ಕುರಿತು ನಿರ್ಣಯವನ್ನೇ ಅಂಗೀಕರಿಸಿದೆ. ಪ್ರತಿವರ್ಷ ಅಕ್ಟೋಬರ್ 29ರಂದು ವಿಶ್ವ ಸೋರಿಯಾಸಿಸ್ ದಿನವಿದೆ. ಆ ದಿನ ಬೆಳಗಿನ ಪ್ರಾರ್ಥನೆಯ ಬಳಿಕ ಎರಡು ನಿಮಿಷ ತೆಗೆದುಕೊಂಡು ‘ಇದು ಅಂಟುವುದಿಲ್ಲ’ ಎಂದು ಮಕ್ಕಳಿಗೆ ಹೇಳಿರಿ. ಚುಚ್ಚುಮದ್ದಿನ ದಿನ ಮಗು ತಡವಾಗಿ ಬಂದರೆ ಹಾಜರಿ ಕೊಡಿರಿ. ತುಂಬು ತೋಳಿನ ಅಂಗಿ ಬೇಕೆಂದರೆ ಹಾಕಿಕೊಳ್ಳಲು ಬಿಡಿರಿ, ಬೇಡವೆಂದರೆ ಒತ್ತಾಯಿಸಬೇಡಿರಿ. ಇದಕ್ಕೆ ಯಾವ ಅನುಮತಿಯೂ, ಯಾವ ಪರೀಕ್ಷೆಯೂ ಬೇಕಿಲ್ಲ. ಎಲ್ಲ ಔಷಧಿಗಳ ಸಾಲಿನಲ್ಲಿ ಕೊನೆಗೆ ನಿಂತ ಮಗುವಿಗೆ ತರಗತಿಯಲ್ಲಾದರೂ ಮುಂದಿನ ಸಾಲು ಸಿಗಲಿ.